ಲೈನಿಗೆಲ್ಲ ಒಂದೇ ಪಟ

ಮೊನ್ನೆ ಕೋಗಿಲಬನದ ಹತ್ತಿರ ಹೊಸದಾಗಿ ಆಗಿರುವ ಒಂದು ಹೋಂಸ್ಟೇಗೆ ಊಟಕ್ಕೆ ಹೋಗಿದ್ದೆವು. ನಮ್ಮ ಮನೆಯವರ ಗೆಳೆಯರೊಬ್ಬರದು. ಪಕ್ಕದಲ್ಲೇ ಕಾಳಿ ಹೊಳೆ, ಹಿಂದೆ ಕಾಡು, ಅಂಗಳದ ಮರದಲ್ಲಿ ಮಂಗಟ್ಟೆ ಹಕ್ಕಿ. ಒಳಗೆ ಕಾಲಿಟ್ಟರೆ ಮಾತ್ರ ಕೋಣೆಕೋಣೆಯ ಗೋಡೆಯ ಮೇಲೂ ಸಮುದ್ರ. ಕಿತ್ತಳೆ ಬಣ್ಣದ ಹೆಂಚಿನ ಮನೆಗಳು, ದಂಡೆಗೆ ಕಟ್ಟಿದ ದೋಣಿಗಳು, ನೀಲಿ ನೀರು. ಯಾರೋ ಗ್ರಾಫಿಕ್ ಕಲಾವಿದ ಬರೆದ ಚಿತ್ರವಂತೆ, ಅದರ ಅಚ್ಚುಗಳು ಚೌಕಟ್ಟಿನ ಸಮೇತ ಡಜನ್ನುಗಟ್ಟಲೆ ಸಿಗುತ್ತವಂತೆ. ಕಾಡು ನೋಡಲು ಬಂದವರಿಗೆ ಕಡಲು ಯಾಕೆ ತೋರಿಸುತ್ತೀರಿ ಎಂದು ಕೇಳಿದೆ. "ಕಾಡು ಕಿಟಕ್ಯಾಗ ಕಾಣ್ತೈತಲ್ರೀ ವೈನಿ, ಮತ್ತ ಗ್ವಾಡಿ ಮ್ಯಾಲೂ ಅದನ್ನ ಯಾಕ ಹಾಕೂದು?" ಎಂದರು. ಅದೂ ಸರಿಯೇ.

ಗಾಜು ಇರಲಿಲ್ಲ, ಹಾಗಾಗಿ ನಾನು ಹತ್ತಿರ ಹೋಗಿ ಪಟವನ್ನು ಬೆರಳಿನಿಂದ ತಿಕ್ಕಿ ನೋಡಿದೆ. ಪ್ಲಾಸ್ಟಿಕ್ಕು. ನಮ್ಮ ಮನೆಯವರು ದೂರದಿಂದಲೇ ಕಣ್ಣು ಬಿಟ್ಟರು. ಪರರ ಮನೆಯಲ್ಲಿ ಹೀಗೆಲ್ಲ ಸಾಮಾನು ತಿಕ್ಕಬಾರದೆಂದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ನಾನು ದಾಂಡೇಲಿಯ ಕಾಗದದ ಕಾರ್ಖಾನೆಯವನ ಮಗಳು. ಲಗ್ನಪತ್ರಿಕೆ ಕೈಗೆ ಬಂದರೆ ಬೇರೆಯವರು ಮುಹೂರ್ತ ನೋಡುತ್ತಾರೆ, ನಾವು ಮೊದಲು ಹಾಳೆ ತಿಕ್ಕುತ್ತೇವೆ. ಹುಟ್ಟುಗುಣ ಸುಟ್ಟರೂ ಹೋಗದು.

ಅಂಥದೇ ಒಂದು ಪಟ ನಮ್ಮ ಮನೆಯಲ್ಲಿತ್ತು. ಅದರ ಕತೆ ಹೇಳದಿದ್ದರೆ ನನಗೆ ಇವತ್ತು ನಿದ್ದೆ ಬರುವುದಿಲ್ಲ, ಕೇಳಿಬಿಡಿ.

ನಮ್ಮ ಅಪ್ಪ ಕಾರ್ಖಾನೆಯಲ್ಲಿ ಕಾಗದ ಪಾಸು ಮಾಡುವ ಕೆಲಸದಲ್ಲಿದ್ದ. ಹಾಳೆ ಎತ್ತಿ ಬೆಳಕಿಗೆ ಹಿಡಿಯುವುದು, ಮಡಚುವುದು, ಹರಿಯುವುದು. ಒಮ್ಮೆ ದೂರದ ಯಾವುದೋ ಪ್ರೆಸ್ಸಿನವರು ನಮ್ಮ ಕಾಗದದ ಮೇಲೆ ಬಣ್ಣ ಹೇಗೆ ಕೂಡುತ್ತದೆಂದು ತೋರಿಸಲು ಒಂದು ಕಟ್ಟು ಚಿತ್ರ ಅಚ್ಚು ಹಾಕಿ ಕಳಿಸಿದರು. ಎಲ್ಲ ಹಾಳೆಯಲ್ಲೂ ಒಂದೇ ಚಿತ್ರ. ಕಡಲ ದಂಡೆಯ ಒಂದು ಊರು. ಗುಡ್ಡದಿಂದ ನೀರಿನವರೆಗೆ ಇಳಿದ ಹೆಂಚಿನ ಮನೆಗಳು, ಶಿಲುಬೆ ಹೊತ್ತ ಒಂದು ಬಿಳಿ ಇಗರ್ಜಿ, ದೋಣಿಗಳು, ಯಾರದೋ ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆ, ಮೇಲೆ ದುಂಡನೆಯ ಸೂರ್ಯ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಅಚ್ಚುಕಟ್ಟಾಗಿತ್ತು. ಮೂಲೆಯಲ್ಲಿ ಕಲಾವಿದನ ಸಹಿ, ಇರುವೆ ಕಾಲಿನಂತೆ. ಅದನ್ನು ಇವತ್ತಿನವರೆಗೆ ಯಾರಿಗೂ ಓದಲು ಆಗಿಲ್ಲ.

ಅಪ್ಪನ ವಿಭಾಗದಲ್ಲಿ ಅವನ್ನು ತಲೆಗೊಂದರಂತೆ ಹಂಚಿದರು. ಉಳಿದವರು ಟ್ರಂಕಿನ ತಳಕ್ಕೆ ಹಾಸಿದರು, ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕಿದರು. ನನ್ನ ಗೆಳತಿಯ ಗಣಿತದ ಪುಸ್ತಕದ ಮೇಲೆ ವರ್ಷವಿಡೀ ಅರ್ಧ ದೋಣಿ ಇತ್ತು. ಅಪ್ಪ ಮಾತ್ರ ಅದಕ್ಕೆ ಗಾಜಿನ ಕಟ್ಟು ಹಾಕಿಸಬೇಕೆಂದು ಹಟ ಹಿಡಿದು, ನನ್ನನ್ನೂ ಕರೆದುಕೊಂಡು ಹಳಿಯಾಳದ ಬಸ್ಸು ಹತ್ತಿದ. ಬಸ್ ನಿಲ್ದಾಣದ ಎದುರಿಗೆ ಕಟ್ಟು ಹಾಕುವ ಅಂಗಡಿ. ಅಲ್ಲಿಗೆ ಬರುತ್ತಿದ್ದವರು ಎರಡೇ ಬಗೆಯವರು, ದೇವರ ಪಟ ತಂದವರು ಮತ್ತು ತೀರಿಕೊಂಡವರ ಫೋಟೋ ತಂದವರು. ಅಂಗಡಿಯಾತ ಹಾಳೆ ಬಿಚ್ಚಿ ಹರವಿಕೊಂಡು, ಮನೆಮನೆಯ ಕಿಟಕಿಯಲ್ಲೂ ಇಣುಕಿ ಹುಡುಕಿ, ಕೊನೆಗೆ ಬಹಳ ಮರ್ಯಾದೆಯಿಂದ, "ಇದರಾಗ ತೀರಿಕೊಂಡವ್ರು ಯಾರ್ರೀ?" ಎಂದು ಕೇಳಿದ.

ತಿರುಗಿ ಬರುವಾಗ ಪಟ ನನ್ನ ತೊಡೆಯ ಮೇಲಿತ್ತು. ಕಬ್ಬಿನ ಗಾಡಿಯೊಂದು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ಗಾಜಿನ ಮೇಲಿನ ಮೂಲೆ ಮುಂದಿನ ಸೀಟಿಗೆ ತಾಗಿ ಸಣ್ಣಗೆ ಒಡೆಯಿತು. ಅವ್ವ ಅದಕ್ಕೇನೂ ತಲೆ ಕೆಡಿಸಿಕೊಳ್ಳಲಿಲ್ಲ. ತನ್ನ ಹಣೆಯ ಕೆಂಪು ಟಿಕಳಿ ತೆಗೆದು ಬಿರುಕಿನ ಬಾಯಿಗೆ ಅಂಟಿಸಿದಳು. ಚಿತ್ರದಲ್ಲಿ ಆಗಲೇ ಒಬ್ಬ ಸೂರ್ಯನಿದ್ದ, ಈಗ ಇಬ್ಬರಾದರು.

ಪಟ ತೂಗುಹಾಕಿದ್ದು ಎಲ್ಲಿ ಅಂತೀರಿ? ಕಾರ್ಖಾನೆಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಲೈನಿನ ಮನೆಗಳೆಲ್ಲ ಒಂದೇ ಅಚ್ಚು. ಒಂದು ಮನೆಯ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಪಕ್ಕದ ಮನೆಯ ಬಚ್ಚಲು. ಅದರಿಂದಾಗಿ ಲೈನಿನ ಪ್ರತಿ ಪಡಸಾಲೆಯಲ್ಲೂ, ಕರಾರುವಾಕ್ಕಾಗಿ ಅದೇ ಜಾಗದಲ್ಲಿ, ಹಸಿ ಹಿಡಿದ ಒಂದು ಕಲೆ. ಎಷ್ಟು ಸುಣ್ಣ ಹೊಡೆದರೂ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಅಪ್ಪ ಮೊಳೆ ಹೊಡೆದದ್ದು ಅದರ ನೆತ್ತಿಯ ಮೇಲೆ. ಹಸಿ ಮುಚ್ಚಿತು, ಮನೆ ಬೆಳಗಿತು. ಬಂದವರು ಇದು ಯಾವ ಊರು ಎಂದು ಕೇಳಿದರೆ ಅಪ್ಪನ ಉತ್ತರ ಒಂದೇ. "ಊರು ಯಾವ್ದೋ ಗೊತ್ತಿಲ್ರೀ. ಹಾಳಿ ಮಾತ್ರ ನಮ್ದು." ಆಮೇಲೆ ಆ ಹಾಳೆಯ ದಪ್ಪ, ನುಣುಪು, ನಾರು ಇವುಗಳ ವಿಷಯ ಶುರುವಾಗುತ್ತಿತ್ತು. ಬಂದವರು ಚಹಾ ಕುಡಿದು ಎದ್ದುಬಿಡುತ್ತಿದ್ದರು.

ಪಟವನ್ನು ಮೊದಲು ಕಡ ಕೇಳಿದವಳು ಮೂರನೇ ಮನೆಯವಳು. ಅವಳ ಮಗಳು ಲಲಿತಾಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಗೋಡೆ ನೋಡುವ ಹಾಗಿರಲಿಲ್ಲ. ಅಪ್ಪ ಸುತ್ತಿಗೆ ತೆಗೆದುಕೊಂಡು ಹೋಗಿ ಅಲ್ಲಿಯೂ ಒಂದು ಮೊಳೆ ಹೊಡೆದು ಬಂದ. ಪಟ ಒಯ್ದು ಕೊಟ್ಟವಳು ಲೈನಿನ ಕೊನೆಯ ಮನೆಯ ರೋಜಾಬಾಯಿ. ಹಳಿಯಾಳ ಕಡೆಯ ಹಳ್ಳಿಯ ಕ್ರಿಶ್ಚಿಯನ್ ಸಿದ್ದಿ ಜನದವಳು, ಗಂಡ ಅಪ್ಪನ ಜೊತೆ ಅದೇ ಕಾರ್ಖಾನೆಯಲ್ಲಿದ್ದ. ಹಳೆಯ ಸೀರೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಳು. ಕೈಯಲ್ಲಿ ಹಿಡಿದರೆ ಕಡ ತಂದ ಪಟ ಅನ್ನುತ್ತಾರೆ, ತಲೆಯ ಮೇಲಿದ್ದರೆ ರೊಟ್ಟಿಬುಟ್ಟಿ ಅಂದುಕೊಳ್ಳುತ್ತಾರೆ ಎನ್ನುವುದು ಅವಳ ಲೆಕ್ಕ.

ಲಲಿತಾಳನ್ನು ನೋಡಲು ಬಂದವರು ಪಟ ನೋಡಿ, ಇದು ಯಾವ ಊರು ಎಂದು ಕೇಳಿದರು. ಗೊತ್ತಿಲ್ಲ ಎಂದರೆ ಹುಡುಗಿ ದಡ್ಡಿ ಎನಿಸೀತು ಎಂದು ಅವಳ ತಾಯಿ ಮೊದಲೇ ಉತ್ತರ ಕಲಿಸಿಟ್ಟಿದ್ದಳು. ಲಲಿತಾ ತಲೆ ತಗ್ಗಿಸಿ, "ಕಾರವಾರ್ರೀ" ಎಂದಳು. ಗ್ರಹಚಾರ ನೋಡಿ, ಬಂದವರಲ್ಲಿ ಹುಡುಗನ ಸೋದರಮಾವ ಕಾರವಾರದಲ್ಲೇ ನೌಕರಿ ಮಾಡುವವ. ಕಾರವಾರದಲ್ಲಿ ಯಾವ ಕಡೆಗೆ ಎಂದು ಕೇಳಿದ. ಲಲಿತಾ ಒಂದು ಗಳಿಗೆ ಯೋಚಿಸಿ, "ಸಮುದ್ರದ ಕಡಿಗ್ರೀ" ಎಂದಳು. ಅವ ಬಿದ್ದು ಬಿದ್ದು ನಕ್ಕ. ಹುಡುಗಿ ಚೂಟಿ ಇದ್ದಾಳೆಂದು ಲಗ್ನ ಗೊತ್ತಾಯಿತು.

ಅಲ್ಲಿಂದ ಪಟದ ದೆಸೆ ತಿರುಗಿತು. ಅದು ಹೋದ ಮನೆಯಲ್ಲಿ ಲಗ್ನ ಕೂಡುತ್ತದೆಂದು ಲೈನಿಗೆಲ್ಲ ಸುದ್ದಿಯಾಗಿ, ಯಾರ ಮನೆಯಲ್ಲಿ ಕನ್ಯೆ ನೋಡುವ ಶಾಸ್ತ್ರವಿದ್ದರೂ ಆ ದಿನ ಪಟ ಅಲ್ಲಿಗೆ. ಪ್ರತಿ ಮನೆಯಲ್ಲೂ ಅದಕ್ಕೊಂದು ಮೊಳೆ ಬಿತ್ತು. ರೋಜಾಬಾಯಿಯ ಮಗಳಿಗೂ ಗಂಡು ಕೂಡಿತು, ಇಗರ್ಜಿ ಇದ್ದ ಪಟ ಆದ್ದರಿಂದ ತಮ್ಮ ಮನೆಯಲ್ಲೇ ಅದು ಹೆಚ್ಚು ಒಪ್ಪುತ್ತದೆಂದು ಅವಳ ವಾದ. ಅವ್ವ ಮಾತ್ರ ಅಮಾವಾಸ್ಯೆಗೊಮ್ಮೆ ದೇವರ ಪಟಗಳ ಜೊತೆಗೆ ಇದರ ಗಾಜಿಗೂ ವಿಭೂತಿ ಎಳೆಯುತ್ತಿದ್ದಳು. ಎಲ್ಲ ಮನೆಯಲ್ಲೂ ಕಾರವಾರ ಎಂದು ಸುಳ್ಳು ಹೇಳುವುದು ತಪ್ಪಲ್ಲವೇ ಎಂದು ನಾನು ಕೇಳಿದರೆ, ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಎಂದು ಹಿರಿಯರೇ ಹೇಳಿದ್ದಾರೆ, ನಾವು ಹೇಳುತ್ತಿರುವುದು ಒಂದೇ ಸುಳ್ಳು ಎನ್ನುತ್ತಿದ್ದಳು.

ಊರಿಗೆಲ್ಲ ಲಗ್ನ ಕೂಡಿಸಿದ ಪಟ ನಮ್ಮ ಅಕ್ಕನಿಗೆ ಮಾತ್ರ ಕೂಡಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ನಮ್ಮ ಅಕ್ಕ ನೀಲಾ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ನನಗಿಂತ ಒಂದು ಗೇಣು ಎತ್ತರ, ನನಗಿಂತ ಎಷ್ಟೋ ಶಾಣ್ಯಾ. ಬಂದವರೆಲ್ಲ ಅವಲಕ್ಕಿ ತಿಂದು, ಪಟ ನೋಡಿ, ಹೋಗಿ, ಹುಡುಗಿ ಎತ್ತರ ಹೆಚ್ಚಾಯಿತು ಎಂದು ಹೇಳಿ ಕಳಿಸುತ್ತಿದ್ದರು. ಅಪ್ಪ ಒಮ್ಮೆ ಬೇಸತ್ತು, ಇವರಿಗೆ ಹೆಣ್ಣು ಬೇಕೋ ಸ್ಟೂಲು ಬೇಕೋ ಎಂದು ಕೂಗಾಡಿದ. ಅಕ್ಕ ನಕ್ಕಳು. ಆಗಿನ್ನೂ ಅವಳಿಗೆ ನಗಲು ಬರುತ್ತಿತ್ತು.

ಕಲಘಟಗಿಯ ಗಂಡಿನ ಕಡೆಯವರೂ ಹೀಗೇ ಬಂದು, ನೋಡಿ, ಎತ್ತರ ಎಂದು ಬಿಟ್ಟಿದ್ದರು. ಕೆಲವು ತಿಂಗಳ ಮೇಲೆ ಅದೇ ಮಂದಿ ನಮ್ಮ ಲೈನಿನ ಐದನೇ ಮನೆಯ ಸರಸ್ವತಿಯನ್ನು ನೋಡಲು ಬಂದರು. ಯಾರು ಬರುತ್ತಾರೆಂದು ನಮಗೆ ಗೊತ್ತಿರಲಿಲ್ಲ, ರೂಢಿಯಂತೆ ರೋಜಾಬಾಯಿ ಪಟ ಒಯ್ದು ಕೊಟ್ಟಿದ್ದಳು. ಆಮೇಲೆ ಅವಳೇ ಹೇಳಿದ್ದು, ಹುಡುಗನ ತಾಯಿ ಒಳಗೆ ಬಂದವಳೇ ಪಟದ ಮೇಲೆ ಕಣ್ಣು ನೆಟ್ಟು ನಿಂತಳಂತೆ. ಇದನ್ನು ನಾನು ನೋಡಿದ್ದೇನಲ್ಲ ಎಂದಳಂತೆ. ಸರಸ್ವತಿಯ ಅಪ್ಪನಿಗೆ ಆ ಗಳಿಗೆಗೆ ತೋಚಿದ್ದೆಂದರೆ, ಕಾರ್ಖಾನೆಯವರು ಎಲ್ಲರಿಗೂ ಇಂಥದ್ದನ್ನೇ ಕೊಟ್ಟಿದ್ದಾರೆ ಎನ್ನುವುದು. ಆಕೆ ಮೂಲೆಗೆ ಬೆರಳಿಟ್ಟು ಕೇಳಿದಳು.

"ಟಿಕಳಿ ಸೈತ ಕೊಟ್ಟಾರೇನ್ರೀ?"

ಈ ಮಾತಿಗೆ ಲೈನಿನಲ್ಲಿ ಎಷ್ಟೋ ವರ್ಷ ನಗುತ್ತಿದ್ದರು. ಈಗಲೂ ಹಳೆಯ ಲೈನಿನವರು ಯಾವುದಾದರೂ ಮದುವೆಯಲ್ಲಿ ಸಿಕ್ಕರೆ, ಉಡುಗೊರೆ ಕೊಡುವಾಗ, ಟಿಕಳಿ ಸೈತ ಐತೇನು ಎಂದು ಚೇಷ್ಟೆ ಮಾಡುತ್ತಾರೆ. ಸರಸ್ವತಿಯ ಲಗ್ನವೂ ಅದೇ ಹುಡುಗನ ಜೊತೆಗೇ ಆಯಿತೆನ್ನಿ. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗುವುದಿಲ್ಲ. ಯಾಕೆಂದರೆ ಆ ತಾಯಿ ಹೊರಟು ಹೋಗುವಾಗ ನಮ್ಮ ಬಾಗಿಲ ಮುಂದೆ ನಿಂತಳು. ಬಾಗಿಲು ತೆರೆದಿತ್ತು. ಪಟವಿಲ್ಲದ ಗೋಡೆ ತನ್ನ ಸುಣ್ಣದ ಹಪ್ಪಳಗಳ ಸಮೇತ ಎದುರಿಗೇ ಇತ್ತು. ಅದರ ಕೆಳಗೆ ಅಕ್ಕ ಅಕ್ಕಿ ಆರಿಸುತ್ತ ಕೂತಿದ್ದಳು. ಆಕೆ ಗೋಡೆ ನೋಡಿದಳು, ಅಕ್ಕನನ್ನು ನೋಡಿದಳು.

"ಅವತ್ತ ಈ ಗ್ವಾಡಿ ಮುಚ್ಚಿಟ್ಟಿದ್ರಿ. ಮತ್ತೇನೇನು ಮುಚ್ಚಿಟ್ಟಿದ್ರೋ, ಶಿವನ ಬಲ್ಲ."

ಅಷ್ಟು ಹೇಳಿ ಆಕೆ ಹೋದಳು. ಅಕ್ಕ ತಲೆ ಎತ್ತಲಿಲ್ಲ. ಅಕ್ಕಿ ಆರಿಸಿ ಮುಗಿಸಿದಳು, ಮೊರ ಕೊಡವಿದಳು, ಒಳಗೆ ಹೋದಳು. ನನಗೆ ಆ ಹೆಂಗಸಿನ ಹಿಂದೆ ಓಡಿಹೋಗಿ ಜಗಳ ತೆಗೆಯಬೇಕೆನಿಸಿತು. ಅವ್ವ ನನ್ನ ರಟ್ಟೆ ಹಿಡಿದುಕೊಂಡಿದ್ದಳು. ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಅಕ್ಕ ಆಮೇಲೆ ಯಾರ ಮುಂದೆಯೂ ಕೂಡಲು ಒಪ್ಪಲಿಲ್ಲ. ಹುಬ್ಬಳ್ಳಿಗೆ ಹೋಗಿ ನರ್ಸಿಂಗ್ ಕಲಿತಳು. ಅವಳಿಗಿಂತ ಮೊದಲು ನನಗೆ ಲಗ್ನ ಮಾಡಿದರು. ಹಳಿಯಾಳದ ನಮ್ಮ ಮನೆಯವರು ನನ್ನನ್ನು ನೋಡಲು ಬಂದ ದಿನ ಪಟದ ಗಾಜು ಒರೆಸಿ ಸರಿಯಾಗಿ ತೂಗುಹಾಕಿದವಳು ಅಕ್ಕನೇ. ಓರೆಯಾಗಿದೆಯೇ ನೋಡು ಎಂದು ನನ್ನನ್ನೇ ಕೇಳಿದಳು. ಒಗ್ಗರಣೆ ಅವಲಕ್ಕಿ ಮಾಡಿ ಕಳಿಸಿ ಅಡುಗೆಮನೆಯಲ್ಲೇ ಉಳಿದಳು. ನಾನು ಬಂದವರ ಕಡೆ ನೋಡದೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದೆ. ನಮ್ಮ ಮನೆಯವರು ಅದನ್ನು ನಾಚಿಕೆ ಎಂದುಕೊಂಡರು, ಇವತ್ತಿಗೂ ಹಾಗೇ ತಿಳಿದುಕೊಂಡಿದ್ದಾರೆ.

ಅಪ್ಪ ರಿಟೈರ್ ಆದ ಮೇಲೆ ಹಳೇ ದಾಂಡೇಲಿಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದ. ಪಕ್ಕದಲ್ಲಿ ಯಾರ ಬಚ್ಚಲೂ ಇಲ್ಲದ ಹಾಗೆ ಎಚ್ಚರ ವಹಿಸಿದ್ದ. ಆದರೆ ದಾಂಡೇಲಿಯ ಮಳೆಗೆ ಬಚ್ಚಲು ಯಾಕೆ ಬೇಕು? ಎರಡನೇ ಮಳೆಗಾಲಕ್ಕೇ ಪಡುವಣ ಗೋಡೆ ಹಸಿ ಹಿಡಿಯಿತು. ಪಟ ಅಲ್ಲಿಗೆ ಹೋಯಿತು. ಅಪ್ಪ ಅವ್ವ ಇಬ್ಬರೂ ಹೋದರು, ಪಟ ಅಲ್ಲೇ ಉಳಿಯಿತು. ಅಕ್ಕ ದಾಂಡೇಲಿಯ ಆಸ್ಪತ್ರೆಯ ಕೆಲಸ, ಅಪ್ಪ ಬಿಟ್ಟುಹೋದ ಆ ಮನೆ ಎಂದು ನೆಟ್ಟಗೆ ಇದ್ದಳು. ಪಾಪ ಎನ್ನುವವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ರೋಜಾಬಾಯಿಯೂ ಎರಡು ಓಣಿ ಆಚೆಗೇ ಬಂದು ನೆಲೆಸಿದ್ದರಿಂದ ಮಾತಿಗೆ ಬರವಿರಲಿಲ್ಲ.

ಹೋದ ವರ್ಷ ಬೇಸಗೆಯಲ್ಲಿ ಒಂದು ಸಂಜೆ ಅಕ್ಕ ಫೋನು ಮಾಡಿ, ಬರುವ ಭಾನುವಾರ ಬಿಡುವಿದೆಯೇ ಎಂದು ಕೇಳಿದಳು. ಯಾಕೆ ಎಂದರೆ, ಮುಂಡಗೋಡದಿಂದ ಇಬ್ಬರು ಬರುವವರಿದ್ದಾರೆ ಎಂದಳು. ಕೆದಕಿ ಕೆದಕಿ ಕೇಳಿದ ಮೇಲೆ ತಿಳಿಯಿತು. ಶಿವಪುತ್ರಪ್ಪ ಎನ್ನುವವರು, ಮುಂಡಗೋಡದಲ್ಲಿ ಹಿಟ್ಟಿನ ಗಿರಣಿ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಅವರ ತಂಗಿ ಅಕ್ಕನ ವಾರ್ಡಿನಲ್ಲಿದ್ದಾಗ ದಾಂಡೇಲಿಯಲ್ಲೇ ಉಳಿದು ದಿನಾ ಊಟ ತರುತ್ತಿದ್ದರಂತೆ. ತಂಗಿ ಗುಣವಾಗಿ ಮನೆಗೆ ಹೋದ ಮೇಲೂ ಒಂದೆರಡು ಸಲ ಬಂದು ಹೋದರಂತೆ. ಕೊನೆಗೆ ಅವರ ಮಗಳೇ, ಹೀಗೆ ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಮಾತಾಡುವುದು ಚಂದವಲ್ಲ, ಮನೆಗೆ ಹೋಗಿ ರೀತಿಯಿಂದ ಕೇಳೋಣ ಎಂದಳಂತೆ. ಅಕ್ಕ ಇದನ್ನೆಲ್ಲ ಡ್ಯೂಟಿ ಬದಲಾಯಿಸಿದ ಹಾಗೆ ಹೇಳಿದಳು. ನಾನು ಫೋನು ಇಟ್ಟು ಅತ್ತೆ. ಖುಷಿಗೋ, ಹೆದರಿಕೆಗೋ, ಎರಡಕ್ಕೂ.

ಹೆದರಿಕೆ ಯಾಕೆಂದರೆ, ಅಕ್ಕ ಇನ್ನೊಮ್ಮೆ ಯಾರದೋ ಕಣ್ಣಿನ ಮುಂದೆ ಕೂತು ಇನ್ನೊಮ್ಮೆ ಬೇಡ ಎನಿಸಿಕೊಂಡರೆ ಅದನ್ನು ನೋಡುವ ಶಕ್ತಿ ನನಗಿರಲಿಲ್ಲ. ಶನಿವಾರವೇ ಹಳಿಯಾಳದಿಂದ ಹೊರಟು ಬಂದೆ. ಪರದೆ ಒಗೆದೆ, ಕುರ್ಚಿ ಒರೆಸಿದೆ, ಪಟದ ಗಾಜಿಗೆ ಕಾಗದ ಒದ್ದೆ ಮಾಡಿ ತಿಕ್ಕಿ ಹೊಳಪು ತಂದೆ. ಟಿಕಳಿ ಗಟ್ಟಿಯಾಗಿಯೇ ಇತ್ತು. ಬೆಳಿಗ್ಗೆ ಎದ್ದು ಪಡಸಾಲೆಗೆ ಬಂದರೆ ಪಟ ಇಲ್ಲ. ಬೋಳು ಗೋಡೆ, ಅದರ ಮೇಲೆ ಕಂಬಳಿಯಷ್ಟಗಲ ಹಸಿಯ ಕಲೆ, ಬಣ್ಣ ಎದ್ದು ಸಿಬರು ಸಿಬರಾಗಿತ್ತು. ಪಟ ಒಳಗಿನ ಮಂಚದ ಮೇಲೆ ಅಂಗಾತ ಮಲಗಿತ್ತು.

ಯಾಕೆ ತೆಗೆದೆ, ಅವರು ಬರುವ ಹೊತ್ತಾಯಿತು, ಬೇಗ ಹಾಕು ಎಂದು ನಾನು ಅಡ್ಡಾಡಿದೆ. ಅಕ್ಕ ರವೆ ಹುರಿಯುತ್ತಿದ್ದಳು. ಸೌಟು ನಿಲ್ಲಿಸಲಿಲ್ಲ.

"ಮುಚ್ಚಿದ್ದು ಸಾಕ ತಂಗಿ. ಗ್ವಾಡಿ ಹೆಂಗೈತಿ ಹಂಗ ನೋಡ್ಲಿ. ಹೋಗವ್ರು ನೋಡೇ ಹೋಗ್ಲಿ."

ಆಗ ನನಗೆ ತಿಳಿಯಿತು, ಕಲಘಟಗಿಯ ಆ ಹೆಂಗಸು ಇಷ್ಟು ವರ್ಷವೂ ಈ ಮನೆಯ ಬಾಗಿಲಲ್ಲೇ ನಿಂತಿದ್ದಳೆಂದು. ನಾನು ರೋಜಾಬಾಯಿಯ ಕಡೆ ನೋಡಿದೆ. ಅವಳು ಬೆಳಿಗ್ಗೆಯೇ ಬಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದಳು. ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಇರಲಿ ಬಿಡು, ಹೊತ್ತು ಹೊತ್ತು ನನ್ನ ಕುತ್ತಿಗೆಯೂ ನೋಯುತ್ತಿತ್ತು ಎಂದಳು.

ಅವರು ಬಂದರು. ಶಿವಪುತ್ರಪ್ಪನವರು ಬಿಳಿ ಅಂಗಿ ಹಾಕಿದ್ದರು. ಕಿವಿಯ ಹಿಂದೆ ಒಂದಿಷ್ಟು ಹಿಟ್ಟು ಉಳಿದುಕೊಂಡಿತ್ತು. ಅಕ್ಕನಿಗಿಂತ ಎರಡು ಬೆರಳು ಗಿಡ್ಡ, ಅದರ ಪರಿವೆ ಇಬ್ಬರಿಗೂ ಇದ್ದ ಹಾಗೆ ಕಾಣಲಿಲ್ಲ. ಕೂಡಲು ಹೇಳಿದೆ. ಸರಿಯಾಗಿ ಗೋಡೆಯ ಎದುರಿಗೇ ಕೂತರು. ಮಗಳು ಸುಜಾತಾ ಪಕ್ಕದಲ್ಲಿ ಕೂತಳು. ಅಕ್ಕ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಶಿವಪುತ್ರಪ್ಪನವರು ತಟ್ಟೆ ತೆಗೆದುಕೊಳ್ಳುವುದನ್ನೂ ಮರೆತು ಗೋಡೆಯನ್ನೇ ನೋಡುತ್ತಿದ್ದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ನನಗೆ ಮಂಚದ ಮೇಲಿನ ಪಟ ತಂದು ಅಡ್ಡ ಹಿಡಿದುಬಿಡೋಣ ಎನಿಸಿತು. ಅಕ್ಕ ತಟ್ಟೆ ಹಿಡಿದು ನಿಂತೇ ಇದ್ದಳು. ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಕೊನೆಗೆ ಅವರು ಬಾಯಿ ಬಿಟ್ಟರು.

"ಇದು ಮ್ಯಾಲಿಂದ ಇಳಿತೈತೋ, ಹೊರಗಿಂದ ಹೊಡಿತೈತೋ?"

"ಹೊರಗಿಂದ್ರೀ" ಎಂದಳು ಅಕ್ಕ. "ಮಳಿ ಆ ಕಡಿಂದನ ಬರ್ತೈತಿ."

"ಹಂಗಾರ ಹೊರಗ ತಗಡು ಹೊಡಿಬೇಕು. ನಮ್ಮ ಗಿರಣಿಗೂ ಇದ ತ್ರಾಸ ಇತ್ತು. ಬರ್ರಿ, ನೋಡೂಣು."

ಎದ್ದೇಬಿಟ್ಟರು. ಹಿತ್ತಲ ಬಾಗಿಲಿನಿಂದ ಹೊರಗೆ ಹೋದರು. ಅಕ್ಕ ತಟ್ಟೆ ಹಿಡಿದೇ ಹಿಂದೆ ಹೋದಳು. ಗೋಡೆಯ ಆಚೆಯಿಂದ ದಬ್ ದಬ್ ಎಂದು ಅಂಗೈಯಿಂದ ಬಡಿದು ನೋಡುವ ಸದ್ದು ಬಂತು, ಆಮೇಲೆ ಮಾತು, ಆಮೇಲೆ ಅಕ್ಕನ ನಗು. ಆ ನಗು ಕೇಳಿ ನಾನು ಅವರು ಬಿಟ್ಟೆದ್ದ ಕುರ್ಚಿಯಲ್ಲೇ ಕೂತುಬಿಟ್ಟೆ. ರೋಜಾಬಾಯಿ ಶಿಲುಬೆ ಗುರುತು ಮಾಡಿಕೊಂಡು, ಉಪ್ಪಿಟ್ಟು ಇನ್ನೂ ಇದ್ದರೆ ತನಗೂ ಕೊಡು ಎಂದಳು.

ಸುಜಾತಾ ಕೈ ತೊಳೆಯಲು ಒಳಗೆ ಹೋದವಳು ಮಂಚದ ಮೇಲಿನ ಪಟ ನೋಡಿದ್ದಳು. ಎಷ್ಟು ಚಂದ ಇದೆ, ಇದು ಯಾವ ಊರು ಎಂದು ಕೇಳಿದಳು. ನನ್ನ ನಾಲಗೆಯ ತುದಿಗೆ ಕಾರವಾರ ಬಂದೇಬಿಟ್ಟಿತ್ತು.

"ಗೊತ್ತಿಲ್ಲವ್ವಾ" ಎಂದೆ. "ಹಾಳಿ ಮಾತ್ರ ನಮ್ದು."

ಜೂನಿನ ಮಿರಗ ಮಳೆ ಹಿಡಿಯುವ ಮೊದಲು ತಗಡು ಬಂತು, ಲಗ್ನ ಅದಾದ ಮೇಲೆ. ಹಳಿಯಾಳದ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾರ ಬದಲಾಯಿಸಿ, ನಮ್ಮ ಮನೆಯಲ್ಲಿ ಊಟ ಮಾಡಿದರು. ಪಟವನ್ನು ಅಕ್ಕ ಮುಂಡಗೋಡಕ್ಕೆ ಒಯ್ದಳು. ಗಿರಣಿಯ ಹಿಂದಿನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದಾಳೆ, ಟಿಕಳಿಯ ಸಮೇತ. ದೀಪಾವಳಿಗೆ ಹೋಗಿದ್ದಾಗ ಅವಳು ಚಹಾ ಮಾಡಲು ಒಳಗೆ ಹೋದ ಹೊತ್ತು ನೋಡಿ, ನನಗೆ ಸುಮ್ಮನಿರಲಾಗದೆ, ಕುರ್ಚಿ ಹತ್ತಿ ಪಟ ಸರಿಸಿ ಹಿಂದೆ ಕೈಯಾಡಿಸಿದೆ. ಎಲ್ಲೂ ಹಸಿ ಇಲ್ಲ, ಒಣ ಗೋಡೆ.